ಸ್ವಂತಪ್ಪನ ಸ್ವಂತ ಸರ್ವರ್

ಆಳು ಮಾಡಿದ್ದು ಹಾಳು, ಮಗ ಮಾಡಿದ್ದು ಮಧ್ಯಮ, ತಾನು ಮಾಡಿದ್ದು ಉತ್ತಮ ಎಂದು ಹಿರಿಯರು ಹೇಳಿದ್ದಾರೆ. ಹಿರಿಯರಿಗೇನು, ಹೀಗೆ ಒಂದು ಮಾತು ಹೇಳಿ ಹೊರಟುಹೋಗುತ್ತಾರೆ. ಅದನ್ನು ನಂಬಿ ಕೆಲಸಕ್ಕಿಳಿದವನ ಮನೆಯವರು ಅನುಭವಿಸುತ್ತಾರೆ. ನಮ್ಮ ಕಥಾನಾಯಕ ಈ ಗಾದೆಯನ್ನು ಚಿಕ್ಕಂದಿನಲ್ಲೇ ನಂಬಿ ಕೆಟ್ಟವನು. ನಲ್ಲಿ ಸೋರಿದಾಗ ಸ್ವಂತ ಕೈಯಿಂದ ರಿಪೇರಿ ಮಾಡಿ, ಅದುವರೆಗೆ ಅಡುಗೆಮನೆಗಷ್ಟೇ ಸೀಮಿತವಾಗಿದ್ದ ಸೋರಿಕೆಯನ್ನು ಕೆಳಗಿನ ಮನೆಯವರಿಗೂ ಹಂಚಿದ್ದ. ಕಿಟಕಿಗೆ ಸ್ವಂತ ಕೈಯಿಂದ ಬಣ್ಣ ಬಳಿದ ಮೇಲೆ ಆ ಕಿಟಕಿ ಇವತ್ತಿನವರೆಗೂ ತೆರೆದಿಲ್ಲ. ಕಟ್ಟಡದವರೆಲ್ಲ ಸೇರಿ ಅವನಿಗೆ ಸ್ವಂತಪ್ಪ ಎಂದು ಹೆಸರಿಟ್ಟಿದ್ದರು. ಅವನು ಅದನ್ನು ಬಿರುದು ಎಂದುಕೊಂಡು ಸುಮ್ಮನಿದ್ದ.

ಸ್ವಂತಪ್ಪನಿಗೆ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೆಲಸ. ಅಲ್ಲಿ ಫೋನ್ ಎತ್ತುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲ ಸಲ ಬಡಿದುಕೊಂಡರೆ ಎತ್ತಬಾರದು. ನಿಜವಾಗಿ ತೊಂದರೆ ಇರುವವರು ಮತ್ತೆ ಮಾಡುತ್ತಾರೆ. ಮತ್ತೆ ಮಾಡಿದಾಗಲೂ ಎತ್ತಬಾರದು. ಅಷ್ಟರಲ್ಲಿ ನೀರು ತಾನಾಗಿ ಬಂದಿರುತ್ತದೆ. ಮೂರನೆಯ ಸಲ ಎತ್ತಿ, ದೂರಿಗೊಂದು ನಂಬರು ಕೊಟ್ಟು ಇಟ್ಟುಬಿಡಬೇಕು. ತಪ್ಪು ನಮ್ಮದು ಎಂಬ ಮಾತು ಆ ಕಚೇರಿಯ ಗೋಡೆಗಳು ಕೇಳಿದ್ದೇ ಇಲ್ಲ.

ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಗಿರಾಕಿಗಳು ಅವಳ ವೆಬ್‌ಸೈಟಿಗೆ ಹೋಗಿ ತಮ್ಮ ಅಳತೆ ತುಂಬಿದರೆ, ಅವಳು ಕಾಗದದ ಮೇಲೆ ಅಚ್ಚು ಬರೆದು, ಬಟ್ಟೆ ಕತ್ತರಿಸಿ, ಹೊಲಿದು ಕಳಿಸುತ್ತಿದ್ದಳು. ಕೆಲಸ ನಡೆಯುತ್ತಿದ್ದದ್ದು ಊಟದ ಮೇಜಿನ ಮೇಲೆ. ಹಾಗಾಗಿ ಮನೆಯವರೆಲ್ಲ ವರ್ಷಗಳಿಂದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡೇ ಉಣ್ಣುತ್ತಿದ್ದರು. ಈಗ ಒಂದು ಆಸ್ಪತ್ರೆಯ ಮೇಟ್ರನ್, ಅಂದರೆ ನರ್ಸ್‌ಗಳಿಗೆಲ್ಲ ಮೇಲಿನವರು, ಅಷ್ಟೂ ಜನರ ಸಮವಸ್ತ್ರವನ್ನು ಇವಳಿಂದಲೇ ಹೊಲಿಸುವ ಆಲೋಚನೆಯಲ್ಲಿದ್ದರು. "ಬಿಡುವಾದಾಗ ನಿಮ್ಮ ಸೈಟು ನೋಡ್ತೀನಿ, ಆಮೇಲೆ ಹೇಳ್ತೀನಿ" ಎಂದಿದ್ದರು. ಆ ಕೆಲಸ ಸಿಕ್ಕರೆ ಕಟ್ಟಡದ ಕೆಳಗೆ ಖಾಲಿ ಬಿದ್ದಿರುವ ಅಂಗಡಿಕೋಣೆಯನ್ನು ಹಿಡಿಯಬಹುದು. ಅವಳು ಆ ಕೋಣೆಯ ಮುಂದೆ ಹಾದುಹೋಗುವಾಗೆಲ್ಲ ಬಾಗಿಲ ಸಂದಿಯಿಂದ ಒಳಗೆ ಇಣುಕಿ, ಹೊಲಿಗೆಯಂತ್ರ ಎಲ್ಲಿ, ಕಪಾಟು ಎಲ್ಲಿ ಎಂದು ಲೆಕ್ಕ ಹಾಕುತ್ತಿದ್ದಳು.

ಆ ವೆಬ್‌ಸೈಟು ಒಂದು ಕಂಪನಿಯ ಸರ್ವರಿನಲ್ಲಿತ್ತು. ಸರ್ವರ್ ಎಂದರೆ ಸದಾ ಎದ್ದಿದ್ದು, ಯಾರು ಯಾವಾಗ ಬಂದರೂ ಪುಟ ತೆರೆದು ತೋರಿಸುವ ಕಂಪ್ಯೂಟರು. ಅದರ ಬೀಗ, ಕಾವಲು, ರಿಪೇರಿ, ದಿನಾ ಎಲ್ಲದರ ಇನ್ನೊಂದು ಪ್ರತಿ ತೆಗೆದಿಡುವುದು ಎಲ್ಲ ಕಂಪನಿಯವರದೇ ಜವಾಬ್ದಾರಿ. ಇವಳು ತಿಂಗಳ ಬಾಡಿಗೆ ಕಟ್ಟಿ ನಿಶ್ಚಿಂತೆಯಿಂದ ಹೊಲಿಯುತ್ತಿದ್ದಳು. ಈ ನಿಶ್ಚಿಂತೆಯೇ ಸ್ವಂತಪ್ಪನಿಗೆ ಸರಿಬರಲಿಲ್ಲ.

ಒಂದು ಬೆಳಗ್ಗೆ ಪುಟ ತೆರೆಯಲಿಲ್ಲ. "ನೀನು ಬಿಡು, ದೂರಿನ ಭಾಷೆ ನನಗೆ ಗೊತ್ತು" ಎಂದು ಸ್ವಂತಪ್ಪ ಕುರ್ಚಿಗೆ ದಿಂಬು ಹಾಕಿ, ಪಕ್ಕದಲ್ಲಿ ನೀರು ಇಟ್ಟುಕೊಂಡು, ಮಧ್ಯಾಹ್ನದವರೆಗಾದರೂ ಕಾಯುವ ತಯಾರಿಯಲ್ಲಿ ಕಂಪನಿಗೆ ಫೋನ್ ಮಾಡಿದ. ಮೊದಲ ರಿಂಗಿಗೇ ಒಬ್ಬ ಹುಡುಗಿ ಎತ್ತಿದಳು.

"ನಮಸ್ಕಾರ ಸರ್. ಪುಟ ತೆರೀತಿಲ್ಲ ಅಂತ ತಾನೆ? ನಮಗೂ ಈಗಷ್ಟೇ ಗೊತ್ತಾಯ್ತು, ಸರಿ ಮಾಡಿದ್ದೀವಿ. ಒಂದ್ಸಲ ನೋಡಿ."

ನೋಡಿದರೆ ತೆರೆದಿತ್ತು.

"ದೂರಿನ ನಂಬರ್ ಕೊಡಿ" ಎಂದ ಸ್ವಂತಪ್ಪ.

"ಸರಿಯಾಯ್ತಲ್ಲ ಸರ್. ನಂಬರ್ ಯಾಕೆ?"

"ನಂಬರೇ ಇಲ್ದೆ ಸರಿ ಹೇಗಾಯ್ತು?"

ಸ್ವಂತಪ್ಪ ಫೋನ್ ಇಟ್ಟು ಬಹಳ ಹೊತ್ತು ಯೋಚಿಸಿದ. ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಅನಾಹುತವನ್ನು ಅವನು ಕಂಡಿರಲಿಲ್ಲ. "ಇಷ್ಟು ಬೇಗ ಸರಿ ಮಾಡಿದ್ದಾರೆ ಅಂದ್ರೆ ಕೆಡಿಸಿದ್ದೂ ಅವರೇ ಕಣೇ" ಎಂದು ಹೆಂಡತಿಗೆ ಹೇಳಿದ. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದರಿಂದ ಜಗಳ ಆಗಲಿಲ್ಲ.

ಬೆಂಕಿಗೆ ತುಪ್ಪ ಹಾಕಿದವರು ಮೇಲಿನ ಮನೆಯ ಮೇಷ್ಟ್ರು. ಜೀವಮಾನವೆಲ್ಲ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಈಗ ಪಾಠ ಕೇಳುವವರಿಲ್ಲದೆ ಮೆಟ್ಟಿಲ ಮೇಲೆ ಸಿಕ್ಕವರನ್ನು ಹಿಡಿಯುತ್ತಿದ್ದರು.

"ನೋಡಿ, ಯಾರದೋ ಯಂತ್ರದಲ್ಲಿ ನಿಮ್ಮ ವ್ಯಾಪಾರ ಇಡೋದು ಅಂದ್ರೆ ಬಾಡಿಗೆ ಮನೆ ಗೋಡೆಗೆ ಮೊಳೆ ಹೊಡೆದ ಹಾಗೆ. ನಾಳೆ ಮನೆ ಬಿಡಿ ಅಂದ್ರೆ ಮೊಳೆ ಯಾರದ್ದು?"

ಸ್ವಂತಪ್ಪ ಇದ್ದದ್ದೂ ಬಾಡಿಗೆ ಮನೆಯಲ್ಲೇ, ಗೋಡೆ ತುಂಬ ಮೊಳೆ ಹೊಡೆದವನೂ ಅವನೇ. ಮೊಳೆ ಯಾರದ್ದು ಎಂಬ ಪ್ರಶ್ನೆ ಅವನ ತಲೆಯೊಳಗೇ ಇಳಿಯಿತು. ವಾರ ಕಳೆಯುವಷ್ಟರಲ್ಲಿ, ಮುಚ್ಚಿಹೋದ ಯಾವುದೋ ಕಚೇರಿಯ ಹರಾಜಿನಲ್ಲಿ ಅವನು ಒಂದು ಹಳೆಯ ಸರ್ವರನ್ನು ಕೊಂಡು, ಮೆಟ್ಟಿಲ ಮೇಲೆ ಹೊತ್ತು ತರುತ್ತಿದ್ದ. ಮೇಷ್ಟ್ರು ಮೇಲಿನ ಮೆಟ್ಟಿಲಲ್ಲಿ ನಿಂತು "ಎಡಕ್ಕೆ, ಸ್ವಲ್ಪ ಬಲಕ್ಕೆ" ಎಂದು ಸಹಾಯ ಮಾಡುತ್ತಿದ್ದರು.

"ಆಸ್ಪತ್ರೆಯವರು ನೋಡೋ ತನಕ ಕಾಯಬಾರದಾ?" ಎಂದಳು ಹೆಂಡತಿ.

"ಅವರು ನೋಡೋವಾಗ ಸ್ವಂತದ್ದರಲ್ಲೇ ನೋಡ್ಲಿ. ಗೌರವ ಬರುತ್ತೆ."

"ಗೌರವ ನನಗೆ ಬೇಡ ರೀ, ಕೆಲಸ ಬೇಕು. ಆ ಕೆಲಸ ನನಗೆ ಬೇಕೇ ಬೇಕು. ಸೈಟು ಬಿದ್ರೆ ಮಾತ್ರ ನಾನು ಸುಮ್ಮನಿರಲ್ಲ."

"ಬೀಳೋ ಮಾತೇ ಇಲ್ಲ. ನಾನಿದ್ದೀನಲ್ಲ."

ನಾನಿದ್ದೀನಲ್ಲ ಎಂಬ ಮಾತನ್ನು ಅವಳು ನಲ್ಲಿ ಸೋರಿದಾಗಲೂ ಕೇಳಿದ್ದಳು. ಆದರೆ ಅವನ ಮುಖದ ಉತ್ಸಾಹ ನೋಡಿ ಬೇಡ ಎನ್ನಲು ಮನಸ್ಸಾಗಲಿಲ್ಲ. ಹೆಂಡತಿಯ ಹೊಲಿಗೆಯ ಕೆಲಸದಲ್ಲಿ ತನಗೂ ಒಂದು ಪಾಲಿರಲಿ ಎಂಬ ಆಸೆ ಗಂಡನಿಗೆ ಇದೆ ಎನ್ನುವುದು ಅವಳಿಗೆ ಗೊತ್ತಿತ್ತು, ಅದು ಅವಳಿಗೆ ಇಷ್ಟವೂ ಆಗಿತ್ತು.

ಸರ್ವರನ್ನು ಎಲ್ಲಿಡುವುದು? ಹಾಲಿನಲ್ಲಿ ಮೇಜು, ಮಲಗುವ ಕೋಣೆಯಲ್ಲಿ ಬಟ್ಟೆಯ ಥಾನುಗಳು. ಉಳಿದದ್ದು ಅತ್ತೆಯ, ಅಂದರೆ ಹೆಂಡತಿಯ ತಾಯಿಯ ಕೋಣೆ. ಬಿಸಿಲು ಬೀಳದ ಜಾಗ, ಸದಾ ತಂಪು. "ಇರ್ಲಿ ಬಿಡಪ್ಪ, ನನಗೂ ಒಂದು ಜೊತೆ ಆಯ್ತು" ಎಂದರು ಅತ್ತೆ, ಮಂಚವನ್ನು ಗೋಡೆಯ ಕಡೆ ಸರಿಸಿಕೊಂಡು.

ಇದ್ದದ್ದನ್ನು ಇದ್ದ ಹಾಗೇ ಹೇಳಬೇಕು: ಸ್ವಂತಪ್ಪ ಈ ಸಲ ಗೆದ್ದ. ವೀಡಿಯೊ ನೋಡಿ ನೋಡಿ, ತಪ್ಪಿ ತಿದ್ದಿ, ಸೈಟನ್ನು ಕಂಪನಿಯಿಂದ ಬಿಡಿಸಿಕೊಂಡು ಮನೆಗೆ ತಂದ. ಕರೆಂಟು ಹೋದರೂ ನಡೆಯಲೆಂದು ಒಂದು ಬ್ಯಾಟರಿ ಪೆಟ್ಟಿಗೆ ಜೋಡಿಸಿದ. ನಿಂತು ಹೋದರೂ ಕರೆಂಟು ಬಂದೊಡನೆ ತಾನೇ ಎದ್ದು ಕೆಲಸಕ್ಕೆ ಕೂರುವಂತೆ ಮಾಡಿದ. ಕಟ್ಟಡದವರೆಲ್ಲ ಸರ್ವರನ್ನು ನೋಡಲು ಬಂದರು. ತೋರಿಸುವ ಕೆಲಸವನ್ನು ಅತ್ತೆ ವಹಿಸಿಕೊಂಡು, "ಹಸಿರು ದೀಪ ಅಂದ್ರೆ ಆರೋಗ್ಯವಾಗಿದೆ. ಮಿಣಮಿಣ ಅಂದ್ರೆ ಯಾರೋ ಅಳತೆ ಕೊಡ್ತಿದ್ದಾರೆ" ಎಂದು ವಿವರಿಸುತ್ತಿದ್ದರು. ಸ್ವಂತಪ್ಪ ಬಾಗಿಲಲ್ಲಿ ಕೈಕಟ್ಟಿ ನಿಂತು, ಹೊಗಳಿಕೆಯನ್ನು ಬೇಡ ಬೇಡವೆನ್ನುತ್ತಲೇ ಸ್ವೀಕರಿಸುತ್ತಿದ್ದ.

ಆಮೇಲಿನ ವಾರ ಕಚೇರಿಯಲ್ಲಿ ಊಟ ಮುಗಿಸಿ, ಸಹೋದ್ಯೋಗಿಯೊಬ್ಬನಿಗೆ ತೋರಿಸೋಣವೆಂದು ಫೋನಿನಲ್ಲಿ ಸೈಟು ತೆರೆದರೆ, ಸೈಟು ಇಲ್ಲ. ಸಂಜೆ ಚಹಾದ ಹೊತ್ತಿಗೆ ನೋಡಿದರೆ ಇದೆ. ಮರುದಿನವೂ ಊಟವಾದ ಮೇಲೆ ಇಲ್ಲ, ಚಹಾಕ್ಕೆ ಇದೆ. ಅದರ ಮರುದಿನವೂ ಹಾಗೇ. ಭಾನುವಾರ ಮಾತ್ರ ದಿನವಿಡೀ ಕಲ್ಲಿನ ಹಾಗೆ ಅಲುಗದೆ ತೆರೆದೇ ಇತ್ತು.

ಓದುಗರಿಗೆ ಇಲ್ಲೊಂದು ಗುಟ್ಟು ಹೇಳಿಬಿಡುತ್ತೇನೆ, ಸ್ವಂತಪ್ಪನಿಗೆ ಮಾತ್ರ ಹೇಳಬೇಡಿ. ಅತ್ತೆ ಮತ್ತು ತೀರಿಕೊಂಡ ಮಾವ ಹಿಂದೆ ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಊಟವಾದ ಮೇಲೆ ಗಿರಣಿಯ ಮೋಟಾರನ್ನು ನಿಲ್ಲಿಸಿ, ಮೈ ತಣ್ಣಗಾಗಲು ಬಿಟ್ಟು, ಇಳಿಹೊತ್ತಿಗೆ ಮತ್ತೆ ಓಡಿಸುವುದು ಅವರ ನೇಮ. ಬೇರೆ ಗಿರಣಿಯವರು ಆಸೆಬಿದ್ದು ಓಡಿಸಿ ಓಡಿಸಿ ಮೋಟಾರು ಸುಟ್ಟುಕೊಂಡರು. ಇವರದ್ದು ಕಡೆಯವರೆಗೂ ಒಂದೇ ಮೋಟಾರು. ಹೀಗಿರುವಾಗ ಮಗ್ಗುಲಲ್ಲೇ ಒಂದು ಯಂತ್ರ ಹಗಲೂ ರಾತ್ರಿ ಗುಂಯ್‌ಗುಡುತ್ತಾ ಬಿಸಿಯುಸಿರು ಬಿಡುತ್ತಿದ್ದರೆ ಆ ಜೀವಕ್ಕೆ ಹೇಗೆ ತಡೆದೀತು? ಊಟ ಮುಗಿಸಿ ಕೋಣೆಗೆ ಬಂದು, ಸರ್ವರಿನ ಮೈ ಮುಟ್ಟಿ ನೋಡಿ, ಅಯ್ಯೋ ಪಾಪ ಎಂದು ಗೋಡೆಯ ಸ್ವಿಚ್ಚು ಆರಿಸುತ್ತಿದ್ದರು. ಬ್ಯಾಟರಿ ಪೆಟ್ಟಿಗೆ ಕೀಂ ಕೀಂ ಎನ್ನುತ್ತಿತ್ತು. "ಅಳಬೇಡ, ನೀನೂ ಮಲಗು" ಎಂದು ಅದರ ಗುಂಡಿಯನ್ನೂ ಒತ್ತುತ್ತಿದ್ದರು. ಎದ್ದ ಮೇಲೆ ಎಲ್ಲವನ್ನೂ ಹಾಕಿ ಚಹಾಕ್ಕೆ ಇಡುತ್ತಿದ್ದರು. ಮಗಳು ಆ ಹೊತ್ತಿಗೆ ಬಟ್ಟೆ ತರಲು ಪೇಟೆಗೆ ಹೋಗಿರುತ್ತಿದ್ದಳು. ಭಾನುವಾರ ಅಳಿಯ ಅದರ ಪಕ್ಕದಲ್ಲೇ ಕೂತಿರುತ್ತಿದ್ದರಿಂದ ಇವರು ಕೈಹಾಕುತ್ತಿರಲಿಲ್ಲ. ಅಳಿಯನಿಗೆ ಹೇಳದೇ ಇದ್ದದ್ದೂ ಪ್ರೀತಿಯಿಂದಲೇ: ಅಷ್ಟು ಹೆಮ್ಮೆಯಿಂದ ತಂದಿದ್ದಾನೆ, ಅದಕ್ಕೆ ಆಯಾಸವಾಗುತ್ತೆ ಅಂದರೆ ನೊಂದುಕೊಳ್ಳುತ್ತಾನೆ.

ಸ್ವಂತಪ್ಪ ವಿಚಾರಣೆ ಮಾಡದೆ ಇರಲಿಲ್ಲ.

"ಅತ್ತೆ, ಮಧ್ಯಾಹ್ನ ಕೋಣೆಗೆ ಯಾರಾದ್ರೂ ಬಂದಿದ್ರಾ?"

"ಯಾರೂ ಇಲ್ಲಪ್ಪ, ನಾನೊಬ್ಬಳೇ."

"ಕರೆಂಟು ಹೋಗಿತ್ತಾ?"

"ಇಲ್ವಲ್ಲ, ಫ್ಯಾನ್ ತಿರುಗ್ತಾನೇ ಇತ್ತು."

ಎರಡೂ ಅಪ್ಪಟ ಸತ್ಯ. ಕೇಳಬೇಕಾದ ಒಂದೇ ಪ್ರಶ್ನೆಯನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳುವುದು ದೂರು ವಿಭಾಗದ ತರಬೇತಿ. ಸರ್ವರು ತಾನೇ ಬರೆದಿಡುವ ದಿನಚರಿಯನ್ನು ತೆಗೆದು ನೋಡಿದರೆ, ‘ಅನಿರೀಕ್ಷಿತವಾಗಿ ನಿಂತಿತು’ ಎಂದಷ್ಟೇ ಇತ್ತು. ಅದನ್ನು ಮೇಷ್ಟ್ರಿಗೆ ತೋರಿಸಿದ.

ಮೇಷ್ಟ್ರು ಕನ್ನಡಕ ಏರಿಸಿದರು. "ಅನಿರೀಕ್ಷಿತ ಅಂದ್ರೆ ದಾಳಿ. ನಿರೀಕ್ಷಿಸಿ ಅಂತ ಹೇಳಿ ಯಾರಾದ್ರೂ ದಾಳಿ ಮಾಡ್ತಾರಾ? ನಿಮಗೊಬ್ಬ ಶತ್ರು ಇದ್ದಾನೆ."

ಸ್ವಂತಪ್ಪನಿಗೆ ಹೆದರಿಕೆಯಾಯಿತು, ಅದರ ಹಿಂದೆಯೇ ಸ್ವಲ್ಪ ಸಂತೋಷವೂ ಆಯಿತು. ಶತ್ರುವನ್ನು ಸಂಪಾದಿಸುವಷ್ಟು ದೊಡ್ಡ ಮನುಷ್ಯ ತಾನಾಗಿದ್ದೇನೆಂದು ಅವನಿಗೆ ತಿಳಿದಿರಲಿಲ್ಲ.

"ಯಾರಿರಬಹುದು ಮೇಷ್ಟ್ರೇ?"

"ನಿಮ್ಮ ಮನೆಯವರ ಕೆಲಸದಿಂದ ನಷ್ಟ ಯಾರಿಗೆ? ಊಟ ಆದ ಮೇಲೆ ಅಂಗಡಿ ಬಾಗಿಲು ಅರ್ಧ ಎಳೆದು ಒಳಗೆ ಸೇರ್ಕೊಳ್ಳೋದು ಯಾರು? ಸಂಜೆ ಮತ್ತೆ ತೆಗೆಯೋದು ಯಾರು?"

ಇಬ್ಬರೂ ಕಿಟಕಿಯತ್ತ ನೋಡಿದರು. ರಸ್ತೆಯಾಚೆ ಎದುರಿನ ದರ್ಜಿಯ ಅಂಗಡಿ ಇತ್ತು. ಕಿಟಕಿ ತೆರೆಯದೇ ಇದ್ದದ್ದರಿಂದ ಗಾಜಿಗೆ ಮೂಗು ಒತ್ತಿ ನೋಡಬೇಕಾಯಿತು.

ದರ್ಜಿ ವಯಸ್ಸಾದವರು. ಅವರ ಹತ್ತಿರ ಇದ್ದ ಫೋನು ಬರೀ ಮಾತಾಡುವ ಫೋನು. ಅದರಲ್ಲೂ ಅರ್ಧ ಮಾತು ಕೇಳಿಸುತ್ತಿರಲಿಲ್ಲ. ಮೇಷ್ಟ್ರ ಪ್ರಕಾರ ಇದೇ ದೊಡ್ಡ ಅನುಮಾನದ ವಿಷಯ. "ನಿಜವಾದ ಕಳ್ಳ ಒಳ್ಳೇ ಫೋನು ಇಟ್ಕೊಂಡು ಓಡಾಡಲ್ಲ." ಇಬ್ಬರೂ ರಸ್ತೆ ದಾಟಿ, ಒಂದು ಗುಂಡಿ ಹೊಲಿಸುವ ನೆಪದಲ್ಲಿ ಅಂಗಡಿಗೆ ಹೋದರು.

"ಊಟ ಆದ ಮೇಲೆ ನೀವು ಏನು ಮಾಡ್ತೀರಿ?" ಎಂದರು ಮೇಷ್ಟ್ರು, ಹಿಂದಿನ ಬೆಂಚಿನವರನ್ನು ಕೇಳುವ ದನಿಯಲ್ಲಿ.

"ಮಲಗ್ತೀನಿ ಸ್ವಾಮಿ."

"ಅದಕ್ಕೆ ಸಾಕ್ಷಿ?"

"ಗೊರಕೆ. ಪಕ್ಕದ ಅಂಗಡಿಯವರನ್ನ ಕೇಳಿ, ಅವರಿಗೆ ಸಾಕಾಗಿಹೋಗಿದೆ."

"ಎದುರು ಮನೆ ಸರ್ವರ್ ಬಗ್ಗೆ ನಿಮಗೆ ಏನು ಗೊತ್ತು?"

ದರ್ಜಿ ಸೂಜಿಗೆ ದಾರ ಪೋಣಿಸುತ್ತಾ ಸ್ವಲ್ಪ ಯೋಚಿಸಿದರು. "ಹುಷಾರಿಲ್ಲ ಅಂತ ಕೇಳಿದೆ. ಈಗ ಹೇಗಿದ್ದಾರೆ?"

ಮೇಷ್ಟ್ರು ಹೊರಗೆ ಬಂದು, "ಹುಷಾರಿಲ್ಲ ಅನ್ನೋದು ಇವನಿಗೆ ಹೇಗೆ ಗೊತ್ತು?" ಎಂದರು. ಕಟ್ಟಡದಲ್ಲಿ ನೀರು ಬಿಡುವವನಿಂದ ಹಿಡಿದು ಎಲ್ಲರಿಗೂ ಈ ಸುದ್ದಿ ಹೇಳಿದವರು ತಾವೇ ಎಂಬುದನ್ನು ಅವರು ಮರೆತಿದ್ದರು.

ಸ್ವಂತಪ್ಪ ಒಂದು ದಿನ ರಜೆ ಹಾಕಿ, ಅತ್ತೆಯ ಕೋಣೆಯಲ್ಲಿ ಸರ್ವರಿನ ಪಕ್ಕ ಸ್ಟೂಲು ಹಾಕಿಕೊಂಡು ಕಾವಲು ಕೂತ. ಅಳಿಯನೇ ನೋಡಿಕೊಳ್ಳುತ್ತಿದ್ದಾನಲ್ಲ ಎಂದು ಅತ್ತೆ ಅತ್ತ ತಿರುಗಿ ಮಲಗಿದರು. ಸೈಟು ಬೀಳಲಿಲ್ಲ. ಮರುದಿನ ಕಚೇರಿಗೆ ಹೋದ. ಊಟವಾದ ಮೇಲೆ ಬಿತ್ತು.

"ನಾನು ಮನೇಲಿದ್ದೀನೋ ಇಲ್ವೋ ಅಂತ ಅವನಿಗೆ ಗೊತ್ತಾಗ್ತಿದೆ ಮೇಷ್ಟ್ರೇ. ಮನೆಯ ಮೇಲೆ ಕಣ್ಣಿಟ್ಟಿದ್ದಾನೆ."

"ಇನ್ನು ಇದು ನಮ್ಮ ಕೈಯಲ್ಲಿಲ್ಲ. ಪೊಲೀಸರ ಹತ್ತಿರ ಹೋಗೋಣ."

ಮನೆಯಲ್ಲಿ ಹೆಂಡತಿ ಮಾತು ಕಡಿಮೆ ಮಾಡಿದ್ದಳು. ಅವಳ ಗಿರಾಕಿಗಳು ಇಬ್ಬರು ಮೂವರು ದೂರಿದ್ದರು. "ಆಸ್ಪತ್ರೆಯವರು ಇನ್ನೂ ನೋಡಿಲ್ಲ ಅನ್ಸುತ್ತೆ" ಎಂದು ಬೆಳಗ್ಗೆ ಒಂದು ಸಲ ಹೇಳುವಳು, ಸಂಜೆ ಒಂದು ಸಲ ಹೇಳುವಳು. ಅಂಗಡಿಕೋಣೆಯ ಬಾಗಿಲ ಸಂದಿಯಲ್ಲಿ ಇಣುಕುವುದನ್ನು ನಿಲ್ಲಿಸಿದ್ದಳು. ಸ್ವಂತಪ್ಪ ಇದನ್ನು ಗಮನಿಸಿದ.

ಸೈಬರ್ ಅಪರಾಧ ನೋಡುವ ಅಧಿಕಾರಿಣಿ ಚಿಕ್ಕ ವಯಸ್ಸಿನವರು, ಸಮಾಧಾನಿ. ಪೂರ್ತಿ ಕಥೆ ಕೇಳಿ, "ನಿಮ್ಮ ಸರ್ವರಲ್ಲಿ ಅಂಥದ್ದು ಏನಿದೆ?" ಎಂದರು.

"ಜನರ ಸೊಂಟದ ಸುತ್ತಳತೆ ಮೇಡಂ" ಎಂದ ಸ್ವಂತಪ್ಪ.

"ಎದೆ, ತೋಳು ಕೂಡ" ಎಂದು ಮೇಷ್ಟ್ರು ಸೇರಿಸಿದರು, ಪ್ರಕರಣದ ತೂಕ ಕಡಿಮೆಯಾಗಬಾರದೆಂದು.

ಅಧಿಕಾರಿಣಿ ಬರೆಯುತ್ತಿದ್ದ ಪೆನ್ನನ್ನು ಮೇಜಿನ ಮೇಲಿಟ್ಟರು. "ದಿನಾ ಊಟ ಆದ ಮೇಲೆ ಬಂದು, ಏನೂ ಕದೀದೆ, ಚಹಾ ಹೊತ್ತಿಗೆ ವಾಪಸ್ ಸರಿ ಮಾಡಿ ಹೋಗೋ ದಾಳಿಕೋರನನ್ನ ನಾನು ಇದುವರೆಗೆ ನೋಡಿಲ್ಲ. ಒಳ್ಳೇ ಸಂಸ್ಕಾರವಂತ. ನಾಳೆ ಅದೇ ಹೊತ್ತಿಗೆ ನಿಮ್ಮ ಮನೆಗೆ ಬರ್ತೀನಿ."

ಪೊಲೀಸರು ಬರುತ್ತಾರೆಂದರೆ ಕಟ್ಟಡದಲ್ಲಿ ಯಾರಿಗೂ ಕೆಲಸವಿರುವುದಿಲ್ಲ. ಮೆಟ್ಟಿಲ ತುಂಬ ಜನ. ಮೇಷ್ಟ್ರು ಕಿಟಕಿಯ ಗಾಜಿಗೆ ಮೂಗು ಒತ್ತಿ ದರ್ಜಿಯ ಅಂಗಡಿಯ ಮೇಲೆ ಕಣ್ಣಿಟ್ಟರು. ಹೆಂಡತಿ ಪೇಟೆಗೆ ಹೋಗದೆ ಮೇಜಿನ ಮುಂದೆ ಕೂತಿದ್ದಳು. ಅಧಿಕಾರಿಣಿ ಹಾಲಿನಲ್ಲಿ ಕೂತು, ತಮ್ಮ ಫೋನಿನಲ್ಲಿ ಸೈಟು ತೆರೆದು ಇಟ್ಟುಕೊಂಡರು. ಅತ್ತೆ ಅವರಿಗೆ ನೀರು ಕೊಟ್ಟು, ಊಟ ಆಯ್ತೇನಮ್ಮ ಎಂದು ವಿಚಾರಿಸಿ, ಸ್ವಲ್ಪ ಹೊತ್ತು ಕೂತಿದ್ದು ಎದ್ದರು.

"ನೀವು ಮಾತಾಡ್ತಾ ಇರಿ. ನಾನು ಸ್ವಲ್ಪ ಅಡ್ಡಾಗ್ತೀನಿ."

ಅತ್ತೆ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಒಳಗೆ ಟಕ್ ಎಂದಿತು. ಕೀಂ ಕೀಂ ಎಂದಿತು. ಆಮೇಲೆ ಏನೂ ಎನ್ನಲಿಲ್ಲ.

"ಬಿತ್ತು ಮೇಡಂ" ಎಂದ ಸ್ವಂತಪ್ಪ. "ನೋಡಿ, ನಿಮ್ಮೆದುರಿಗೇ ಬಿತ್ತು. ಎಷ್ಟು ಧೈರ್ಯ ನೋಡಿ ಅವನಿಗೆ."

"ಬಾಗಿಲು ಅರ್ಧ ಎಳೆದಿದ್ದಾನೆ" ಎಂದು ಮೇಷ್ಟ್ರು ಕಿಟಕಿಯಿಂದ ವರದಿ ಕೊಟ್ಟರು. "ಕಾಲು ಕಾಣ್ತಿದೆ. ಮಲಗಿರೋ ಹಾಗೆ ನಟಿಸ್ತಿದ್ದಾನೆ."

ಅಧಿಕಾರಿಣಿ ಎದ್ದು ಹೋಗಿ ಅತ್ತೆಯ ಕೋಣೆಯ ಬಾಗಿಲು ತಟ್ಟಿದರು. ಅತ್ತೆ ಬಾಗಿಲು ತೆರೆದು, ತುಟಿಯ ಮೇಲೆ ಬೆರಳಿಟ್ಟರು.

"ಮೆಲ್ಲಗೆ ಮಾತಾಡಮ್ಮ. ಈಗಷ್ಟೇ ಮಲಗಿದೆ."

"ಯಾರು?"

"ಅದೇ" ಎಂದು ಸರ್ವರನ್ನು ತೋರಿಸಿದರು. ಅದರ ಒಂದು ದೀಪವೂ ಉರಿಯುತ್ತಿರಲಿಲ್ಲ. "ಪಾಪ, ಮೈ ಕೆಂಡದ ಹಾಗಿತ್ತು. ದಿನಾ ಈ ಹೊತ್ತಿಗೆ ಸ್ವಲ್ಪ ಮಲಗಿಸ್ತೀನಿ. ಇಲ್ದಿದ್ರೆ ಕಾಯಿಲ್ ಸುಟ್ಟುಹೋಗುತ್ತೆ. ಗಿರಣೀಲಿ ನಾವು ಹಾಗೇ ಮಾಡ್ತಿದ್ದದ್ದು."

ಮೆಟ್ಟಿಲ ಮೇಲಿನ ಜನ ಒಬ್ಬರಿಗೊಬ್ಬರು ದಾಟಿಸಿ ಸುದ್ದಿಯನ್ನು ಕೆಳಗಿನವರೆಗೂ ತಲುಪಿಸಿದರು. ಅಂಗೈ ಹುಣ್ಣಿಗೆ ಕನ್ನಡಿ ಹಿಡಿಯಲು ಪೊಲೀಸರನ್ನೇ ಕರೆಸಿದಂತಾಗಿತ್ತು. ಮೇಷ್ಟ್ರು ಮೂಗನ್ನು ಗಾಜಿನಿಂದ ಬಿಡಿಸಿಕೊಂಡು, ಭೂಗೋಳದ ಯಾವುದೋ ದೂರದ ಭಾಗವನ್ನು ನೆನೆಯುವವರಂತೆ ಸೂರಿನ ಕಡೆ ನೋಡಿದರು.

ಇಂಥ ಹೊತ್ತಿಗೇ ಹೆಂಡತಿಯ ಫೋನು ಬಡಿದುಕೊಂಡಿತು. ಆಸ್ಪತ್ರೆಯ ಮೇಟ್ರನ್. ಅವರದ್ದು ವಾರ್ಡಿನ ಆಚೆ ತುದಿಗೂ ಕೇಳಿಸುವ ಗಂಟಲು, ಎಲ್ಲರಿಗೂ ಕೇಳಿಸಿತು.

"ಏನಮ್ಮ, ನಾನು ನೋಡೋಕೆ ಬಂದಾಗೆಲ್ಲ ನಿಮ್ಮ ಅಂಗಡಿ ಮುಚ್ಚಿರುತ್ತಲ್ಲ. ನನಗೆ ಬಿಡುವು ಸಿಗೋದೇ ಊಟ ಆದ ಮೇಲೆ. ಇವತ್ತು ಕೊನೇ ಸಲ ನೋಡೋಣ ಅಂದ್ಕೊಂಡೆ, ಇವತ್ತೂ ಇಲ್ಲ. ಬೇರೆಯವರಿಗೆ ಕೊಡ್ತಿದ್ದೀವಿ ಅಂತ ತಿಳಿಸೋಣ ಅಂತ ಮಾಡ್ದೆ."

ಹೆಂಡತಿಯ ಕಣ್ಣಲ್ಲಿ ನೀರು ತುಂಬಿಕೊಂಡಿತು. ಸ್ವಂತಪ್ಪ ಅದನ್ನು ನೋಡಿದ. ಅವನ ಕೈ ತಾನಾಗಿ ಮುಂದೆ ಹೋಗಿ ಫೋನು ತೆಗೆದುಕೊಂಡಿತು.

"ಮೇಡಂ, ನಾನು ಅವರ ಯಜಮಾನ. ತಪ್ಪು ನನ್ನದು."

ಇಷ್ಟು ವರ್ಷ ಫೋನಿನ ಮುಂದೆ ಕೂತು ಸಂಬಳ ತಿಂದವನ ಬಾಯಿಂದ ಆ ಮಾತು ಮೊದಲ ಸಲ ಹೊರಬಿದ್ದಿತ್ತು. ಹೊರಬಿದ್ದ ಮೇಲೆ ಉಳಿದದ್ದು ಸಲೀಸಾಗಿ ಬಂತು. "ಕಂಪನಿಯಲ್ಲಿ ಚೆನ್ನಾಗಿದ್ದ ಸೈಟನ್ನ ಮನೆಗೆ ತಂದವನು ನಾನು. ಅವಳು ಬೇಡ ಅಂದಿದ್ಳು. ಅವಳ ಹೊಲಿಗೆ ಒಂದು ದಿನ ತಡ ಆಗಿಲ್ಲ ಮೇಡಂ, ಒಂದು ಹೊಲಿಗೆ ಬಿಚ್ಚಿಲ್ಲ. ನನ್ನ ಬಡಾಯಿಗೆ ಅವಳಿಗೆ ಶಿಕ್ಷೆ ಕೊಡಬೇಡಿ."

ಅತ್ತೆ ಫೋನು ಕಿತ್ತುಕೊಂಡರು. "ಅವರದ್ದೇನೂ ತಪ್ಪಿಲ್ಲ ಕಣಮ್ಮ. ಆರಿಸ್ತಿದ್ದವಳು ನಾನು. ಬಿಸಿ ಆಗಿತ್ತು, ಮನಸ್ಸು ತಡೀಲಿಲ್ಲ."

ಆಮೇಲೆ ಮೇಟ್ರನ್ ಹೇಳಿದರು: "ಒಂದೇ ಮನೇಲಿ ಇಬ್ಬರು ತಪ್ಪು ನಂದು ಅನ್ನೋದನ್ನ ಇವತ್ತೇ ಕೇಳ್ತಿರೋದು. ನಮ್ಮ ಆಸ್ಪತ್ರೇಲಿ ಹುಡುಕಿದ್ರೂ ಒಬ್ಬರು ಸಿಗಲ್ಲ. ಸೋಮವಾರ ಊಟದ ಹೊತ್ತಿಗೆ ನಮ್ಮ ನರ್ಸ್‌ಗಳಿಗೆ ನೋಡೋಕೆ ಹೇಳ್ತೀನಿ. ತೆರೆದಿದ್ರೆ ಅಳತೆ ಹಾಕ್ತಾರೆ. ಮುಚ್ಚಿದ್ರೆ ನಾನು ಮತ್ತೆ ಫೋನ್ ಮಾಡಲ್ಲ."

ಮೇಷ್ಟ್ರಿಗೆ ಜೀವ ಬಂತು. "ಅಷ್ಟೇ ತಾನೆ. ಕಾರಣ ಗೊತ್ತಾಯ್ತಲ್ಲ, ಸ್ವಿಚ್ಚಿನ ಮೇಲೆ ಒಂದು ಟೇಪು ಅಂಟಿಸಿದ್ರೆ ಮುಗೀತು. ಸ್ವಂತದ್ದು ಸ್ವಂತದ್ದೇ."

ಸ್ವಂತಪ್ಪ ಅಧಿಕಾರಿಣಿಯ ಮುಖ ನೋಡಿದ.

"ಸ್ವಂತ ಸರ್ವರ್ ಇಡೋದು ತಪ್ಪೇನಲ್ಲ" ಎಂದರು ಅವರು, ಚೀಲ ಹೆಗಲಿಗೇರಿಸುತ್ತಾ. "ಬೇಕಾದಷ್ಟು ಜನ ಇಟ್ಕೊಂಡು ಚೆನ್ನಾಗಿ ನಡೆಸ್ತಾರೆ. ಆದ್ರೆ ಅದು ಎದ್ದಿರೋವಷ್ಟು ಹೊತ್ತೂ ಅದನ್ನ ನೋಡ್ಕೊಳ್ಳೋಕೆ ಒಬ್ಬರು ಎದ್ದಿರಬೇಕು. ಇವತ್ತು ಸ್ವಿಚ್ಚು, ನಾಳೆ ಇನ್ನೊಂದು. ನಿಮ್ಮ ಮನೇಲಿ ಯಾರು ಎದ್ದಿರ್ತಾರೆ?"

ಸ್ವಂತಪ್ಪ ಒಂದು ಸಲ ಎಲ್ಲರನ್ನೂ ನೋಡಿದ. ಹೆಂಡತಿಯ ಕಣ್ಣು ನಿದ್ದೆಗೆಟ್ಟು ಕೆಂಪಾಗಿತ್ತು. ಅತ್ತೆ ಆಗಲೇ ಆಕಳಿಸುತ್ತಿದ್ದರು. ತನ್ನ ಬಗ್ಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮೇಷ್ಟ್ರು ಟೇಪು ತರಲು ಮೇಲಕ್ಕೆ ಹೋದರು. ಅವರು ಬರುವಷ್ಟರಲ್ಲಿ ಸ್ವಂತಪ್ಪ ಕಂಪನಿಗೆ ಫೋನ್ ಮಾಡಿದ್ದ. ಮೊದಲ ರಿಂಗಿಗೇ ಅದೇ ಹುಡುಗಿ ಎತ್ತಿದಳು.

"ದೂರು ಕೊಡೋಕಲ್ಲಮ್ಮ" ಎಂದ. "ವಾಪಸ್ ಬರೋಕೆ."

"ಬನ್ನಿ ಸರ್. ನಿಮ್ಮ ಹಳೇ ಪ್ರತಿ ಇನ್ನೂ ನಮ್ಮ ಹತ್ತಿರ ಇದೆ. ಆಮೇಲೆ ಬಂದಿರೋ ಅಳತೆಗಳನ್ನ ಕಳಿಸಿಕೊಡಿ, ನಾವೇ ಸೇರಿಸ್ತೀವಿ."

"ಒಂದು ಮಾತು ಕೇಳ್ಲಾ? ನೀವು ಮೊದಲ ರಿಂಗಿಗೇ ಯಾಕೆ ಎತ್ತುತ್ತೀರಿ?"

"ಇನ್ನು ಯಾವಾಗ ಎತ್ತಬೇಕು ಸರ್?" ಎಂದಳು ಹುಡುಗಿ, ನಿಜವಾಗಿಯೂ ಗೊತ್ತಿಲ್ಲದೆ.

ಮರುದಿನ ಕಚೇರಿಯಲ್ಲಿ ಫೋನು ಬಡಿದುಕೊಂಡಾಗ ಏನೋ ನೆನಪಾಗಿ ತಟ್ಟನೆ ಎತ್ತಿಬಿಟ್ಟ. ಆ ಕಡೆಯ ಮನುಷ್ಯ ಎಷ್ಟು ಗಾಬರಿಯಾದನೆಂದರೆ, "ಯಾರಾದ್ರೂ ಎತ್ತುತ್ತಾರೆ ಅಂತ ಅಂದ್ಕೊಂಡಿರಲಿಲ್ಲ ಸ್ವಾಮಿ, ಯೋಚನೆ ಮಾಡಿ ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟ.

ಅತ್ತೆಗೆ ಒಂದೇ ಚಿಂತೆ ಉಳಿದಿತ್ತು. "ಆ ಕಂಪನಿಯವರು ಅವರ ಯಂತ್ರನ ಮಲಗಿಸ್ತಾರೇನಪ್ಪ?"

"ಅಲ್ಲಿ ತುಂಬಾ ಯಂತ್ರ ಇರ್ತವೆ ಅತ್ತೆ. ಒಂದಕ್ಕೆ ಸುಸ್ತಾದ್ರೆ ಅದರ ಕೆಲಸ ಇನ್ನೊಂದು ಮಾಡುತ್ತೆ."

"ಹಾಗೋ. ಕೂಡುಕುಟುಂಬ ಅನ್ನು. ಮತ್ತೆ ಈ ಪಾಪದ್ದನ್ನ ಒಂಟಿಯಾಗಿ ಯಾಕೆ ತಂದಿಟ್ಟೆ?"

ಸೋಮವಾರ ಸ್ವಂತಪ್ಪ ರಜೆ ಹಾಕಿದ. ಊಟಕ್ಕೆ ಕೂತಾಗ ತೊಡೆಯ ಮೇಲಿನ ತಟ್ಟೆಯತ್ತ ಯಾರಿಗೂ ಗಮನವಿರಲಿಲ್ಲ. ಫೋನನ್ನು ಬಟ್ಟೆಯ ರಾಶಿಯ ಮೇಲೆ ಎಲ್ಲರಿಗೂ ಕಾಣುವಂತೆ ಒರಗಿಸಿಟ್ಟಿದ್ದರು. ಕಂಪನಿಗೆ ಮರಳಿದ್ದ ಸೈಟು ತೆರೆದಿತ್ತು. ಹೆಂಡತಿ ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸುತ್ತಿದ್ದಳು. ಊಟ ಮುಗಿಯಿತು, ಕೈ ಒಣಗಿತು. ಸೈಟಿಗೆ ಯಾರೂ ಬರಲಿಲ್ಲ.

"ತೆರೆದಿದೆ ತಾನೆ?" ಎಂದಳು.

"ತೆರೆದಿದೆ."

"ಇನ್ನೊಂದ್ಸಲ ನೋಡಿ."

ಅವನು ನೋಡಲು ಬಗ್ಗಿದಾಗ ಟಿಂಗ್ ಎಂದಿತು. ಒಂದು ಅಳತೆ. ಅವರು ಅದನ್ನು ಓದಿ ಮುಗಿಸುವಷ್ಟರಲ್ಲಿ ಇನ್ನೊಂದು ಬಂತು. ಆಮೇಲೆ ನಿಲ್ಲಲಿಲ್ಲ. ಉದ್ದನೆಯವರು, ಗಿಡ್ಡನೆಯವರು, ತೋಳು ಸಡಿಲ ಇರಲಿ ಎನ್ನುವವರು, ಜೇಬು ಎರಡು ಬೇಕೇ ಬೇಕು ಎನ್ನುವವರು. ‘ರಾತ್ರಿ ಪಾಳಿ ಮುಗಿಸಿ ಮಲಗಿದ್ದೆ, ಇದಕ್ಕಾಗಿ ಎದ್ದೆ’ ಎಂದು ಒಬ್ಬಳು ಬರೆದಿದ್ದಳು. ಅದನ್ನು ಕೇಳಿ ಅತ್ತೆ, "ಅಳತೆ ಸಿಕ್ತು, ಹೋಗಿ ಮಲಗು ಅಂತ ಬರೀರಪ್ಪ ಅವಳಿಗೆ" ಎಂದರು.

ಹೆಂಡತಿ ಎದ್ದಳು, ಕೂತಳು, ಮತ್ತೆ ಎದ್ದಳು. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. "ಇಷ್ಟೊಂದು ನನ್ನ ಒಬ್ಬಳ ಕೈಲಿ ಹೊಲಿಯೋಕಾಗಲ್ಲ. ಎದುರಿನ ದರ್ಜಿಯವರನ್ನ ಕೇಳಿ ಬರ್ತೀರಾ? ನಾನು ಕತ್ತರಿಸಿ ಕೊಡ್ತೀನಿ, ಅವರು ಹೊಲೀಲಿ. ಮಧ್ಯಾಹ್ನ ಬೇಕಾದ್ರೆ ಮಲಗ್ಲಿ."

ಸ್ವಂತಪ್ಪ ಚಪ್ಪಲಿ ಮೆಟ್ಟಲು ಹೋದ. ದರ್ಜಿಯ ಮುಖವನ್ನು ಹೇಗೆ ನೋಡುವುದೆಂದು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತ.

"ಈಗಲೇ ಬೇಡ ರೀ, ಅವರು ಎದ್ದ ಮೇಲೆ ಹೋಗಿ" ಎಂದು ಹೆಂಡತಿ ಕರೆದಳು. ಅವಳು ಮೇಜಿನ ಮೇಲಿದ್ದದ್ದನ್ನೆಲ್ಲ ಒಂದು ಬದಿಗೆ ತಳ್ಳಿ, ಅಚ್ಚು ಬರೆಯುವ ದಪ್ಪ ಕಾಗದದ ಸುರುಳಿಯನ್ನು ಬಿಚ್ಚುತ್ತಿದ್ದಳು. ಬಿಚ್ಚಿದಂತೆಲ್ಲ ಅದು ಮತ್ತೆ ಸುತ್ತಿಕೊಳ್ಳುತ್ತಿತ್ತು. "ಇಲ್ಲಿ ಬನ್ನಿ. ಆ ತುದಿ ಹಿಡ್ಕೊಳ್ಳಿ."

ಇಷ್ಟು ವರ್ಷದಲ್ಲಿ ಅವಳು ಅವನನ್ನು ತನ್ನ ಮೇಜಿನ ಕೆಲಸಕ್ಕೆ ಕರೆದದ್ದು ಇದೇ ಮೊದಲು. ಸ್ವಂತಪ್ಪ ಓಡಿಬಂದು ಕಾಗದದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದ. ಈ ಕೆಲಸವನ್ನು ಇದಕ್ಕಿಂತ ಚೆನ್ನಾಗಿ ಮಾಡುವ ಬಗ್ಗೆ ಅವನಿಗೆ ಆಗಲೇ ಒಂದೆರಡು ಉಪಾಯಗಳು ಹೊಳೆದವು. ಹೇಳಲು ಬಾಯಿ ತೆರೆದು, ಮುಚ್ಚಿದ.

"ಬಿಗಿಯಾಗಿ" ಎಂದಳು ಹೆಂಡತಿ, ಪೆನ್ಸಿಲ್ ಹಿಡಿದು ಬಗ್ಗುತ್ತಾ. "ಅಷ್ಟು ಬೇಡ, ಹರಿಯುತ್ತೆ. ಹಾಂ, ಹಾಗೇ ಇರಿ."

ಅವನು ಹಾಗೇ ಇದ್ದ.